ಅಮೆರಿಕದ ಕಾಲೇಜು ಕ್ರೀಡೆ: ವಿದ್ಯಾರ್ಥಿಯ ಸಮಯ ಯಾರ ಕೈಯಲ್ಲಿದೆ?

1852ರ ಆಗಸ್ಟ್ ತಿಂಗಳಲ್ಲಿ ಹಾರ್ವರ್ಡ್ ಮತ್ತು ಯೇಲ್ ಕಾಲೇಜುಗಳ ವಿದ್ಯಾರ್ಥಿಗಳು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವಿನ್ನಿಪಸಾಕಿ ಸರೋವರದಲ್ಲಿ ದೋಣಿ ಪಂದ್ಯ ನಡೆಸಿದರು. ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಕ್ರೀಡಾ ಸ್ಪರ್ಧೆ ಎಂದು ಅದನ್ನೇ ಗುರುತಿಸಲಾಗುತ್ತದೆ. ಹುಡುಗರ ಪ್ರಯಾಣ ಮತ್ತು ವಸತಿಯ ಖರ್ಚನ್ನು ಆ ಭಾಗದಲ್ಲಿ ಹಳಿ ಹಾಕಿದ್ದ ರೈಲು ಕಂಪನಿಯೊಂದು ವಹಿಸಿಕೊಂಡಿತ್ತು. ಪಂದ್ಯ ನೋಡಲು ಬರುವ ಜನ ತನ್ನ ರೈಲು ಹತ್ತುತ್ತಾರೆ, ಸರೋವರದ ಸುತ್ತಲಿನ ಪ್ರವಾಸೋದ್ಯಮ ಬೆಳೆಯುತ್ತದೆ ಎಂಬುದು ಅದರ ಲೆಕ್ಕಾಚಾರವಾಗಿತ್ತು. ಕಾಲೇಜು ಕ್ರೀಡೆ ಒಂದು ಕಾಲದಲ್ಲಿ ನಿರ್ಮಲವಾಗಿದ್ದು, ಈಚೆಗೆ ಹಣದಿಂದ ಕೆಟ್ಟುಹೋಯಿತು ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಆದರೆ ಹಣವೂ ಆಟವೂ ಮೊದಲ ದಿನವೇ ಒಟ್ಟಿಗೆ ನೀರಿಗಿಳಿದಿದ್ದವು.

ಈ ಕ್ರೀಡೆಯಿಂದ ವಿದ್ಯಾರ್ಥಿಗೆ ಒಳಿತೋ ಕೆಡುಕೋ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಸಿದ್ಧ ಉತ್ತರಗಳು ದೊರೆಯುತ್ತವೆ. ಶಿಸ್ತು, ಆರೋಗ್ಯ, ವಿದ್ಯಾರ್ಥಿವೇತನಗಳನ್ನು ಮುಂದಿಡುವವರು ಒಂದು ಕಡೆ. ಗಾಯ, ಓದಿನ ಹಿನ್ನಡೆ, ಶೋಷಣೆಗಳನ್ನು ಎತ್ತಿ ತೋರಿಸುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಸತ್ಯವಿದೆ, ಆದರೆ ಇಬ್ಬರೂ ಬೇರೆ ಬೇರೆ ವಿದ್ಯಾರ್ಥಿಗಳ ಬಗ್ಗೆ ಮಾತಾಡುತ್ತಿರುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಗೊಂದಲವನ್ನು ಬಿಡಿಸುವ ಕೀಲಿ ಒಂದೇ: ವಿದ್ಯಾರ್ಥಿಯ ದಿನದ ಗಂಟೆಗಳನ್ನು ಯಾರು ಹಂಚುತ್ತಾರೆ ಎಂಬುದನ್ನು ಮೊದಲು ನೋಡಬೇಕು. ಆ ಅಧಿಕಾರ ಅವನ ಅಥವಾ ಅವಳ ಕೈಯಲ್ಲಿ ಉಳಿದಿರುವಷ್ಟು ಮಟ್ಟಿಗೆ ಆಟ ಶಿಕ್ಷಣದ ಭಾಗವಾಗಿರುತ್ತದೆ. ಅದು ಕೋಚ್, ಕಾಲೇಜು, ಟಿವಿ ವಾಹಿನಿಗಳ ಕೈಗೆ ಜಾರಿದಷ್ಟೂ ಅದೇ ಆಟ ಶಿಕ್ಷಣದಿಂದ ಸಮಯ ಕಸಿಯುವ ಕೆಲಸವಾಗುತ್ತದೆ.

ವ್ಯವಸ್ಥೆಯ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳದೆ ಮುಂದಿನ ಮಾತು ಅರ್ಥವಾಗುವುದಿಲ್ಲ. 1905ರಲ್ಲಿ, ಚೆಂಡನ್ನು ಕೈಯಲ್ಲಿ ಹಿಡಿದು ಒಬ್ಬರ ಮೇಲೊಬ್ಬರು ಎರಗಿ ಆಡುವ ಅಮೆರಿಕನ್ ಫುಟ್‌ಬಾಲ್ ಆಡುತ್ತಾ ಹಲವು ಯುವಕರು ಸತ್ತಾಗ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಪ್ರಮುಖ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸುಧಾರಿಸಿಕೊಳ್ಳುವಂತೆ ಹೇಳಿದರು. ಆ ಕಳವಳದ ಫಲವಾಗಿ 1906ರಲ್ಲಿ ಹುಟ್ಟಿದ, ಕಾಲೇಜು ಕ್ರೀಡೆಗೆ ನಿಯಮ ರೂಪಿಸುವ ಸಂಘ 1910ರಿಂದ ಎನ್‌ಸಿಎಎ ಎಂಬ ಹೆಸರಿನಲ್ಲಿದೆ. ಇಂದು ಸುಮಾರು 1,100 ಕಾಲೇಜುಗಳು ಅದರ ಸದಸ್ಯರು, ಐದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಅದರಡಿ ಆಡುತ್ತಾರೆ. ಕಾಲೇಜುಗಳನ್ನು ಮೂರು ವಿಭಾಗಗಳಾಗಿ ಹಂಚಲಾಗಿದೆ. ಟಿವಿಯಲ್ಲಿ ಕಾಣುವ, ಲಕ್ಷ ಜನ ಹಿಡಿಸುವ ಕ್ರೀಡಾಂಗಣಗಳಿರುವ ಕಾಲೇಜುಗಳು ಡಿವಿಷನ್ ಒನ್‌ನಲ್ಲಿವೆ. ಡಿವಿಷನ್ ತ್ರೀಯಲ್ಲಿ ಕ್ರೀಡೆಗಾಗಿ ವಿದ್ಯಾರ್ಥಿವೇತನವೇ ಇಲ್ಲ. ಆದರೂ ಮೂರರಲ್ಲಿ ಅತಿ ಹೆಚ್ಚು ಆಟಗಾರರಿರುವುದು ಅಲ್ಲಿಯೇ. ಅಂದರೆ ಅಮೆರಿಕದ ಕಾಲೇಜು ಕ್ರೀಡಾಪಟುಗಳಲ್ಲಿ ದೊಡ್ಡ ಪಾಲು ಆಟಕ್ಕಾಗಿ ಒಂದು ಡಾಲರನ್ನೂ ಪಡೆಯದೆ, ಖಾಲಿ ಆಸನಗಳ ಮುಂದೆ, ಇಷ್ಟಪಟ್ಟು ಆಡುವವರು. ಕಾಲೇಜು ಕ್ರೀಡೆಯ ಚರ್ಚೆಯಲ್ಲಿ ಇವರು ಲೆಕ್ಕಕ್ಕೇ ಬರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ, ಏಕೆಂದರೆ ಕ್ರೀಡೆಯ ಒಳಿತುಗಳು ಕಲಬೆರಕೆಯಿಲ್ಲದೆ ದಕ್ಕುವುದು ಬಹುಮಟ್ಟಿಗೆ ಇವರಿಗೇ.

ಆ ಒಳಿತುಗಳು ಚಿಕ್ಕವೇನಲ್ಲ. ಮನೆಬಿಟ್ಟು ದೂರದ ಕಾಲೇಜಿಗೆ ಬಂದ ಹದಿನೆಂಟರ ಹರೆಯದವರಿಗೆ ತಂಡವೆಂಬುದು ಮೊದಲ ವಾರದಲ್ಲೇ ದೊರೆಯುವ ಬಳಗ. ತನಗಿಂತ ಚೆನ್ನಾಗಿ ಆಡುವವರ ಜೊತೆ ದಿನವೂ ಅಭ್ಯಾಸ ಮಾಡುವುದು, ಎಲ್ಲರೆದುರು ಸೋತು ಮರುದಿನ ಅದೇ ಮೈದಾನಕ್ಕೆ ಹೋಗುವುದು, ಇಷ್ಟವಿಲ್ಲದವರ ಜೊತೆಯೂ ಒಂದೇ ಗುರಿಗಾಗಿ ದುಡಿಯುವುದು, ಇವನ್ನು ಪಾಠದ ಕೋಣೆಯಲ್ಲಿ ಕಲಿಸುವ ದಾರಿ ಇನ್ನೂ ಯಾರಿಗೂ ಗೊತ್ತಿಲ್ಲ. ದೊಡ್ಡ ಕಾಲೇಜುಗಳಲ್ಲಿ ಇದರ ಜೊತೆಗೆ ಖಾಸಗಿ ಪಾಠ ಹೇಳುವವರು, ಆಹಾರತಜ್ಞರು, ಓದಿನ ಸಲಹೆಗಾರರು ಕ್ರೀಡಾಪಟುಗಳಿಗೆಂದೇ ಇರುತ್ತಾರೆ. ಸಾಮಾನ್ಯ ವಿದ್ಯಾರ್ಥಿಗೆ ಅಂಥ ಆಸರೆ ಸಿಗುವುದು ಅಪರೂಪ.

ಹಣದ ನೆರವು ಇನ್ನೊಂದು. ಪೂರ್ಣ ವಿದ್ಯಾರ್ಥಿವೇತನ ಪಡೆದವರಿಗೆ ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕಗಳ ವೆಚ್ಚ ಸಿಗುತ್ತದೆ; ಪದವಿ ಮುಗಿಸಿದವರನ್ನು ವರ್ಷಗಟ್ಟಲೆ ಸಾಲ ಹಿಂಬಾಲಿಸುವ ದೇಶದಲ್ಲಿ ಸಾಲವಿಲ್ಲದೆ ಪದವಿ ಪಡೆಯುವುದು ಬದುಕನ್ನೇ ಬದಲಿಸಬಲ್ಲದು. ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಆಡಿದ ಆಲನ್ ಪೇಜ್ ವೃತ್ತಿಪರ ಆಟಗಾರನಾಗಿರುವಾಗಲೇ ಕಾನೂನು ಓದಿ, 1993ರಿಂದ 2015ರವರೆಗೆ ಮಿನೆಸೋಟ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದರು. ಆದರೆ ‘ಕ್ರೀಡಾ ವಿದ್ಯಾರ್ಥಿವೇತನ’ ಎಂಬ ಮಾತು ಕೇಳಿದೊಡನೆ ಪೂರ್ಣ ವೆಚ್ಚ ಎಂದು ಭಾವಿಸುವ ಪೋಷಕರು ಎಚ್ಚರವಹಿಸಬೇಕು. ಬೇಸ್‌ಬಾಲ್ ತಂಡವೊಂದಕ್ಕೆ 2025ರವರೆಗೂ 11.7 ವಿದ್ಯಾರ್ಥಿವೇತನಗಳ ಮಿತಿಯಿತ್ತು. ಅದನ್ನು ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ತುಂಡು ತುಂಡಾಗಿ ಹಂಚಲಾಗುತ್ತಿತ್ತು. ಇನ್ನೂ ಮುಖ್ಯವಾದ ವಿಷಯವೆಂದರೆ, 1973ರ ನಿಯಮದ ನಂತರ ಸುಮಾರು ನಾಲ್ಕು ದಶಕ ಈ ವೇತನ ವರ್ಷದಿಂದ ವರ್ಷಕ್ಕೆ ನವೀಕರಣವಾಗಬೇಕಿತ್ತು. ಆಟ ಕುಂದಿದರೆ, ಮೊಣಕಾಲು ಮುರಿದರೆ, ಹೊಸ ಕೋಚ್‌ಗೆ ಹಿಡಿಸದಿದ್ದರೆ ಮುಂದಿನ ವರ್ಷ ವೇತನ ನಿಲ್ಲಬಹುದಿತ್ತು. 2012ರಿಂದ ಬಹುವರ್ಷದ ವೇತನಕ್ಕೆ ಅವಕಾಶವಾಯಿತು, ಅನಂತರ ಕಾಲೇಜುಗಳ ಶ್ರೀಮಂತ ಒಕ್ಕೂಟಗಳು ಆಟದ ಕಾರಣಕ್ಕೆ ಅದನ್ನು ಕಸಿಯಬಾರದೆಂದು ನಿಯಮ ಮಾಡಿಕೊಂಡವು.

ಹೆಣ್ಣುಮಕ್ಕಳ ವಿಷಯದಲ್ಲಿ ಆದ ಬದಲಾವಣೆಯನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಕೇಂದ್ರ ಸರ್ಕಾರದ ಅನುದಾನ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗದ ಆಧಾರದ ಮೇಲೆ ಭೇದ ಮಾಡುವಂತಿಲ್ಲ ಎಂದು ಸಾರಿದ ಟೈಟಲ್ ನೈನ್ ಕಾನೂನು 1972ರ ಜೂನ್‌ನಲ್ಲಿ ಜಾರಿಗೆ ಬಂತು. ಅದರಲ್ಲಿ ಕ್ರೀಡೆ ಎಂಬ ಪದವೇ ಇರಲಿಲ್ಲ. ಆದರೂ ಆಗ ಸುಮಾರು 30 ಸಾವಿರದಷ್ಟಿದ್ದ ಕಾಲೇಜು ಕ್ರೀಡಾಪಟು ಯುವತಿಯರ ಸಂಖ್ಯೆ ಇಂದು ಎರಡು ಲಕ್ಷವನ್ನು ದಾಟಿದೆ. ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮಹಿಳೆಯರು ಗೆಲ್ಲುವ ಪದಕಗಳ ಹಿಂದೆ ಕಾಲೇಜು ಈಜುಕೊಳಗಳೂ ಓಟದ ಅಂಗಣಗಳೂ ಇವೆ. ಪ್ಯಾರಿಸ್ 2024ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಾಲಿ, ಮಾಜಿ ಮತ್ತು ಭಾವಿ ವಿದ್ಯಾರ್ಥಿಗಳು ಒಟ್ಟು 39 ಪದಕ ಗೆದ್ದರು.

ಇಷ್ಟು ಹೇಳಿದ ಮೇಲೆ ಗಂಟೆಗಳ ಲೆಕ್ಕಕ್ಕೆ ಬರೋಣ. ಕ್ರೀಡಾ ಋತುವಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಾಲ ವಿದ್ಯಾರ್ಥಿಗಳನ್ನು ಆಟದಲ್ಲಿ ತೊಡಗಿಸಬಾರದು ಎಂಬ ನಿಯಮ 1990ರ ದಶಕದ ಆರಂಭದಿಂದ ಇದೆ. ಕಾಗದದ ಮೇಲೆ ಇದು ಒಪ್ಪುವಂಥದ್ದು. ಎಣಿಕೆಯ ಕ್ರಮ ನೋಡಿದರೆ ಚಿತ್ರ ಬದಲಾಗುತ್ತದೆ. ಪಂದ್ಯ ಇಡೀ ದಿನ ನುಂಗಿದರೂ ಲೆಕ್ಕಕ್ಕೆ ಮೂರು ಗಂಟೆ ಮಾತ್ರ. ಪ್ರಯಾಣದ ಸಮಯ ಎಣಿಕೆಗಿಲ್ಲ. ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳುವ, ಭೌತಚಿಕಿತ್ಸೆ ಪಡೆಯುವ ಸಮಯವೂ ಎಣಿಕೆಗಿಲ್ಲ. ‘ಸ್ವಇಚ್ಛೆಯ’ ವ್ಯಾಯಾಮವಂತೂ ಇಲ್ಲವೇ ಇಲ್ಲ. ಆದರೆ ಅದಕ್ಕೆ ಬಾರದವರು ತಂಡದಲ್ಲಿ ಎಷ್ಟು ದಿನ ಉಳಿಯುತ್ತಾರೆ ಎಂಬುದು ಪ್ರತಿಯೊಬ್ಬ ಆಟಗಾರನಿಗೂ ಗೊತ್ತು. ಎನ್‌ಸಿಎಎ ತಾನೇ ನಡೆಸಿದ ಸಮೀಕ್ಷೆಗಳಲ್ಲಿ ಡಿವಿಷನ್ ಒನ್ ವಿದ್ಯಾರ್ಥಿಗಳು ಆಟಕ್ಕೆ ವಾರಕ್ಕೆ 30 ಗಂಟೆಗೂ ಹೆಚ್ಚು, ಉನ್ನತ ಮಟ್ಟದ ಫುಟ್‌ಬಾಲ್ ಆಟಗಾರರು 40 ಗಂಟೆಗೂ ಹೆಚ್ಚು ಕಾಲ ಕೊಡುತ್ತಿರುವುದಾಗಿ ತಿಳಿಸಿದ್ದಾರೆ. ಅದು ಪೂರ್ಣಾವಧಿಯ ನೌಕರಿ. ಅದರ ಮೇಲೆ ತರಗತಿ, ಓದು, ಪರೀಕ್ಷೆ, ನಿದ್ದೆ.

ಗಂಟೆಗಳ ಈ ಹಂಚಿಕೆ ಓದಿನ ಆಯ್ಕೆಯನ್ನೇ ತಿದ್ದುತ್ತದೆ. ಮಧ್ಯಾಹ್ನವೆಲ್ಲ ಅಭ್ಯಾಸಕ್ಕೆ ಮೀಸಲಾದರೆ ಮಧ್ಯಾಹ್ನವೇ ನಡೆಯುವ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಹೋಗುವುದು ಹೇಗೆ? ಎಂಜಿನಿಯರಿಂಗ್, ವೈದ್ಯಕೀಯ ಪೂರ್ವ ಕೋರ್ಸ್, ನರ್ಸಿಂಗ್‌ನಂಥ ದೀರ್ಘ ತರಗತಿಗಳ ವಿಷಯಗಳನ್ನು ಬಿಟ್ಟು, ವೇಳಾಪಟ್ಟಿಗೆ ಒಗ್ಗುವ ವಿಷಯವನ್ನು ಹಿಡಿಯುವವರು ಅನೇಕರು. ಒಂದೇ ತಂಡದ ಆಟಗಾರರು ಒಂದೆರಡು ಸುಲಭ ವಿಷಯಗಳಲ್ಲಿ ಗುಂಪುಗೂಡುವುದನ್ನು ಸಂಶೋಧಕರು ಮತ್ತೆ ಮತ್ತೆ ಗುರುತಿಸಿದ್ದಾರೆ. ಬೇಸಿಗೆಯಲ್ಲಿ ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಮಾಡುವ, ಒಂದು ಸೆಮಿಸ್ಟರ್ ವಿದೇಶದಲ್ಲಿ ಓದುವ ಅವಕಾಶಗಳೂ ಇದೇ ರೀತಿ ಕೈತಪ್ಪುತ್ತವೆ. ಈ ನಷ್ಟ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ, ಏಕೆಂದರೆ ತೆಗೆದುಕೊಳ್ಳದೆ ಹೋದ ವಿಷಯಕ್ಕೆ ಅಂಕವಿರುವುದಿಲ್ಲ.

ಈ ಒತ್ತಡ ಮಿತಿಮೀರಿದರೆ ಏನಾಗುತ್ತದೆ ಎಂಬುದನ್ನು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್ ಕ್ಯಾಂಪಸ್ ತೋರಿಸಿತು. ಅಲ್ಲಿ 1993ರಿಂದ 2011ರವರೆಗೆ, ಪಾಠವೂ ಇಲ್ಲದ ಪ್ರಾಧ್ಯಾಪಕರೂ ಇಲ್ಲದ ‘ಕಾಗದದ ತರಗತಿ’ಗಳು ನಡೆದವು, ಒಂದು ಪ್ರಬಂಧ ಬರೆದುಕೊಟ್ಟರೆ ಒಳ್ಳೆಯ ಅಂಕ ಬರುತ್ತಿತ್ತು. 2014ರಲ್ಲಿ ಪ್ರಕಟವಾದ ತನಿಖಾ ವರದಿಯ ಪ್ರಕಾರ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಇದರ ಪ್ರಯೋಜನ ಪಡೆದಿದ್ದು, ಅವರಲ್ಲಿ ಅರ್ಧದ ಹತ್ತಿರ ಕ್ರೀಡಾಪಟುಗಳು. ಪ್ರಯೋಜನ ಎಂದು ಬರೆದೆ. ನಿಜಕ್ಕೂ ಅವರಿಗೆ ಆದದ್ದು ವಂಚನೆ. ಆಟಕ್ಕೆ ಪ್ರತಿಯಾಗಿ ಶಿಕ್ಷಣ ಕೊಡುತ್ತೇವೆಂದು ಕರೆತಂದವರು ಶಿಕ್ಷಣವನ್ನೇ ಕೊಡಲಿಲ್ಲ.

ಪದವಿ ಪಡೆಯುವವರ ಪ್ರಮಾಣದ ಅಂಕಿಗಳನ್ನು ಓದುವಾಗಲೂ ಜಾಗರೂಕತೆ ಬೇಕು. ಡಿವಿಷನ್ ಒನ್ ಕ್ರೀಡಾಪಟುಗಳಲ್ಲಿ ಶೇ 90ರಷ್ಟು ಮಂದಿ ಪದವಿ ಮುಗಿಸುತ್ತಾರೆ ಎಂದು ಎನ್‌ಸಿಎಎ ಹೇಳುತ್ತದೆ. ಸರ್ಕಾರದ ಲೆಕ್ಕ ಶೇ 70ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಕಾಲೇಜು ಬದಲಿಸಿದ ಪ್ರತಿಯೊಬ್ಬರನ್ನೂ ಸರ್ಕಾರದ ಲೆಕ್ಕ ಮೊದಲ ಕಾಲೇಜಿನಲ್ಲಿ ಪದವಿ ಪಡೆಯದವರೆಂದು ಎಣಿಸುತ್ತದೆ. ಎನ್‌ಸಿಎಎ ಲೆಕ್ಕ, ಒಳ್ಳೆಯ ಅಂಕಗಳಿದ್ದು ಬಿಟ್ಟುಹೋದವರನ್ನು ಎಣಿಕೆಯಿಂದಲೇ ತೆಗೆಯುತ್ತದೆ. ಮೊದಲನೆಯದು ಕಠಿಣ, ಎರಡನೆಯದು ಉದಾರ. ಪದವಿ ಯಾವ ವಿಷಯದಲ್ಲಿ, ಅದನ್ನು ಆರಿಸಿದ್ದು ಯಾರು ಎಂಬುದನ್ನು ಎರಡೂ ಹೇಳುವುದಿಲ್ಲ.

ಪ್ರಯಾಣದ ಹೊರೆ ಈಚೆಗೆ ಇನ್ನಷ್ಟು ಏರಿದೆ, ಮತ್ತು ಅದರ ಕಾರಣ ಸ್ಪಷ್ಟವಾಗಿ ಹಣ. ಕಾಲೇಜುಗಳು ಪ್ರಾದೇಶಿಕ ಒಕ್ಕೂಟಗಳಲ್ಲಿ ಸೇರಿ ಆಡುತ್ತವೆ. ಫುಟ್‌ಬಾಲ್ ಪ್ರಸಾರ ಹಕ್ಕನ್ನು ಮಾರುವುದು ಈ ಒಕ್ಕೂಟಗಳೇ. 2024ರಲ್ಲಿ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ಮತ್ತು ಯುಎಸ್‌ಸಿ, ಜೊತೆಗೆ ಆರೆಗಾನ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯಗಳು ಮಧ್ಯಪಶ್ಚಿಮದಲ್ಲಿ ಹುಟ್ಟಿದ ಬಿಗ್ ಟೆನ್ ಒಕ್ಕೂಟವನ್ನು ಸೇರಿದವು. ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಅಟ್ಲಾಂಟಿಕ್ ತೀರದ ಹೆಸರು ಹೊತ್ತ ಒಕ್ಕೂಟಕ್ಕೆ ಹೋದವು. ಫುಟ್‌ಬಾಲ್ ತಂಡ ವಾರಕ್ಕೆ ಒಂದೇ ಪಂದ್ಯ ಆಡುತ್ತದೆ, ಬಾಡಿಗೆ ವಿಮಾನದಲ್ಲಿ ಹೋಗಿಬರುತ್ತದೆ. ವಾರದ ನಡುವೆ ಪಂದ್ಯವಿರುವ ವಾಲಿಬಾಲ್, ಸಾಫ್ಟ್‌ಬಾಲ್ ಆಟಗಾರ್ತಿಯರು ಲಾಸ್ ಏಂಜಲೀಸ್‌ನಿಂದ ನ್ಯೂ ಜೆರ್ಸಿಗೆ, ಮೂರು ಗಂಟೆಗಳ ಕಾಲಮಾನದ ವ್ಯತ್ಯಾಸ ದಾಟಿ, ತರಗತಿ ತಪ್ಪಿಸಿಕೊಂಡು ಹಾರಬೇಕು. ಅವರ ಆಟದಿಂದ ಆ ಪ್ರಸಾರದ ಹಣ ಬರುವುದೂ ಇಲ್ಲ, ಒಕ್ಕೂಟ ಬದಲಿಸುವಾಗ ಅವರನ್ನು ಕೇಳಿದವರೂ ಇಲ್ಲ. ಇಡೀ ವ್ಯವಸ್ಥೆಯಲ್ಲಿ ಸಮರ್ಥಿಸಲು ಅತ್ಯಂತ ಕಷ್ಟವಾದ ತೀರ್ಮಾನ ಇದೇ ಎಂದು ನಾನು ಭಾವಿಸುತ್ತೇನೆ.

ದೇಹದ ಮೇಲಾಗುವ ಹಾನಿಯ ಚರ್ಚೆಗೆ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದದ ಇತಿಹಾಸವೇ ಒಳ್ಳೆಯ ಪ್ರವೇಶ. ಕೇಳಲು ಗೌರವಯುತವಾದ ಈ ಪದವನ್ನು 1950ರ ದಶಕದಲ್ಲಿ ಎನ್‌ಸಿಎಎ ಬಳಕೆಗೆ ತಂದಿತು. ಆಗ ಅದರ ಮುಖ್ಯಸ್ಥರಾಗಿದ್ದವರು ವಾಲ್ಟರ್ ಬೈಯರ್ಸ್. 1955ರಲ್ಲಿ ಕೊಲರಾಡೊ ರಾಜ್ಯದ ಸಣ್ಣ ಕಾಲೇಜೊಂದರ ಫುಟ್‌ಬಾಲ್ ಆಟಗಾರ ತಲೆಗೆ ಪೆಟ್ಟುಬಿದ್ದು ಸತ್ತಾಗ, ಕೆಲಸದ ವೇಳೆ ಸತ್ತ ಕಾರ್ಮಿಕನ ಕುಟುಂಬಕ್ಕೆ ಸಿಗುವ ಪರಿಹಾರವನ್ನು ಅವನ ಪತ್ನಿ ಕೋರಿದರು. ಅವನು ಕಾಲೇಜಿನ ಕೆಲಸಗಾರನಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ತೀರ್ಪು ನೀಡಿತು. ಇಂಥ ಪರಿಹಾರದ ಹೊಣೆ ಕಾಲೇಜುಗಳ ಮೇಲೆ ಬೀಳದಿರಲೆಂದೇ ಆ ಪದವನ್ನು ರೂಪಿಸಲಾಯಿತು ಎಂದು ಬೈಯರ್ಸ್ ನಿವೃತ್ತಿಯ ನಂತರ ಸ್ವತಃ ಒಪ್ಪಿಕೊಂಡರು.

ಫುಟ್‌ಬಾಲ್‌ನಲ್ಲಿ ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟುಗಳಿಂದ ಸಿಟಿಇ ಎಂಬ ಮಿದುಳಿನ ಕಾಯಿಲೆ ಬರಬಹುದು. ನೆನಪು, ಸಿಟ್ಟಿನ ಹತೋಟಿ, ಮನಃಸ್ಥಿತಿಗಳನ್ನು ಅದು ವರ್ಷಗಳ ನಂತರ ಹಾಳುಗೆಡವಬಹುದು. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜು ಮಟ್ಟದವರೆಗೆ ಆಡಿದ್ದ 53 ಮಂದಿಯ ದಾನ ಮಾಡಿದ ಮಿದುಳುಗಳಲ್ಲಿ 48ರಲ್ಲಿ ಈ ಕಾಯಿಲೆ ಕಂಡಿತು. ಈ ಅಂಕಿಯನ್ನು ಹತ್ತರಲ್ಲಿ ಒಂಬತ್ತು ಆಟಗಾರರಿಗೆ ಕಾಯಿಲೆ ಎಂದು ಓದಬಾರದು. ಲಕ್ಷಣಗಳನ್ನು ಕಂಡು ಅನುಮಾನಗೊಂಡ ಕುಟುಂಬಗಳೇ ಹೆಚ್ಚಾಗಿ ಮಿದುಳು ದಾನ ಮಾಡುವುದರಿಂದ ಇದು ಎಲ್ಲ ಆಟಗಾರರ ಮಾದರಿಯಾಗಲಾರದು. ಆದರೂ ಕಾಲೇಜಿಗೇ ಆಟ ನಿಲ್ಲಿಸಿದವರೂ ಅಪಾಯದಿಂದ ಹೊರಗಿಲ್ಲ ಎಂಬುದು ಇದರಿಂದ ಖಚಿತ. ಅಭ್ಯಾಸವೂ ಪ್ರಾಣಾಪಾಯಕಾರಿಯಾಗಬಲ್ಲದು: 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹತ್ತೊಂಬತ್ತು ವರ್ಷದ ಆಟಗಾರ ಅಭ್ಯಾಸದ ವೇಳೆ ಬಿಸಿಲಾಘಾತಕ್ಕೆ ಒಳಗಾಗಿ, ಸಕಾಲದಲ್ಲಿ ದೇಹ ತಂಪುಮಾಡುವ ಚಿಕಿತ್ಸೆ ಸಿಗದೆ ಎರಡು ವಾರಗಳಲ್ಲಿ ಸತ್ತ, ವಿಶ್ವವಿದ್ಯಾಲಯ ನೈತಿಕ ಮತ್ತು ಕಾನೂನಿನ ಹೊಣೆಯನ್ನು ಒಪ್ಪಿಕೊಂಡಿತು. ಆಟದಲ್ಲಾದ ಗಾಯಕ್ಕೆ ಕಾಲೇಜು ಬಿಟ್ಟ ಮೇಲೂ ಕನಿಷ್ಠ ಎರಡು ವರ್ಷ ಚಿಕಿತ್ಸಾ ವೆಚ್ಚ ಕೊಡಬೇಕೆಂಬ ನಿಯಮ ಡಿವಿಷನ್ ಒನ್‌ನ ಎಲ್ಲ ಕಾಲೇಜುಗಳಿಗೂ ಅನ್ವಯವಾದದ್ದು 2024ರ ಆಗಸ್ಟ್‌ನಲ್ಲಿ. ಮೂವತ್ತು ವರ್ಷದ ನಂತರ ನೋಯುವ ಮೊಣಕಾಲು ಈಗಲೂ ಅವರವರ ಪಾಲಿಗೆ.

ಇಷ್ಟೆಲ್ಲ ಸಹಿಸುವವರಲ್ಲಿ ವೃತ್ತಿಪರ ಆಟಗಾರರಾಗುವವರು ಎಷ್ಟು ಮಂದಿ? ಕಾಲೇಜು ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ನೂರಕ್ಕೆ ಇಬ್ಬರೂ ಅಲ್ಲ. ಉಳಿದವರಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ದಿನ ಆಟ ಮುಗಿಯುತ್ತದೆ. ಹತ್ತು ವರ್ಷದಿಂದ ‘ನಾನು ಈಜುಗಾರ್ತಿ’, ‘ನಾನು ಓಟಗಾರ’ ಎಂದು ತಮ್ಮನ್ನು ಗುರುತಿಸಿಕೊಂಡವರು ಮರುದಿನ ಬೆಳಿಗ್ಗೆ ಬೇರೆ ಯಾರೋ ಆಗಬೇಕು. ಆಟದ ಜೊತೆಗೆ ಬೇರೊಂದು ಆಸಕ್ತಿಯನ್ನು ಬೆಳೆಸಿಕೊಳ್ಳಲು ಸಮಯ ಸಿಕ್ಕವರು ಇದನ್ನು ದಾಟುತ್ತಾರೆ, ಸಿಗದವರು ಕುಸಿಯುವುದುಂಟು.

ಹಣದ ವಿಷಯದಲ್ಲಿ ಈಚಿನ ಕೆಲವೇ ವರ್ಷಗಳಲ್ಲಿ ನಿಯಮಗಳು ತಲೆಕೆಳಗಾಗಿವೆ. ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಪ್ರಸಾರ ಹಕ್ಕು 2010ರಲ್ಲಿ 14 ವರ್ಷಗಳಿಗೆ 1,080 ಕೋಟಿ ಡಾಲರ್‌ಗೆ ಮಾರಾಟವಾದಾಗಲೂ ಆಟಗಾರರು ತಮ್ಮ ಹೆಸರಿನಲ್ಲಿ ಜಾಹೀರಾತು ಮಾಡಿ ಹಣ ಪಡೆಯುವಂತಿರಲಿಲ್ಲ. ಶಿಕ್ಷಣಕ್ಕೆ ಸಂಬಂಧಿಸಿದ ಸೌಲಭ್ಯಗಳ ಮೇಲೆ ಎನ್‌ಸಿಎಎ ಹೇರಿದ್ದ ಮಿತಿ ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂಬತ್ತು ನ್ಯಾಯಮೂರ್ತಿಗಳ ಒಮ್ಮತದಿಂದ ಹೇಳಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ, ರೂಪಗಳಿಂದ ಹಣ ಗಳಿಸಲು ಅನುಮತಿ ಬಂತು. 2025ರ ಜೂನ್ 6ರಂದು ಆಟಗಾರರು ಹೂಡಿದ್ದ ಮೊಕದ್ದಮೆಯಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅಂಗೀಕರಿಸಿದ ರಾಜಿಯ ಪ್ರಕಾರ, ಹಿಂದೆ ಆಡಿದವರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ಸಿಗಬೇಕು, ಮತ್ತು ಒಂದು ಕಾಲೇಜು ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು.

ದುಡಿದವರಿಗೆ ಪಾಲು ಸಿಗುವುದು ನ್ಯಾಯ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ಖರ್ಚಿಗಿಂತ ಹೆಚ್ಚು ಆದಾಯ ಗಳಿಸುವ ಕ್ರೀಡಾ ವಿಭಾಗಗಳು ಡಿವಿಷನ್ ಒನ್‌ನಲ್ಲಿ ಕೆಲವೇ ಹತ್ತುಗಳಷ್ಟು. ಮಿಕ್ಕ ಕಡೆ ಕೊರತೆಯನ್ನು ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಯಿಂದಲೂ, ಪ್ರತಿಯೊಬ್ಬ ವಿದ್ಯಾರ್ಥಿಯಿಂದ ಕಡ್ಡಾಯವಾಗಿ ವಸೂಲಿ ಮಾಡುವ ಕ್ರೀಡಾ ಶುಲ್ಕದಿಂದಲೂ ತುಂಬಿಸಲಾಗುತ್ತದೆ. ಒಂದು ಪಂದ್ಯವನ್ನೂ ನೋಡದೆ, ಸಂಜೆ ಅಂಗಡಿಯಲ್ಲಿ ಕೆಲಸ ಮಾಡಿ ಶುಲ್ಕ ಕಟ್ಟುವ ವಿದ್ಯಾರ್ಥಿಯೂ ಕಾಲೇಜು ಕ್ರೀಡೆಯ ಒಬ್ಬ ಪ್ರಾಯೋಜಕನೇ. ಪರಿಹಾರದ ಹಣದಲ್ಲಿ ಬಹುಪಾಲು ಪುರುಷರ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರರಿಗೇ ಹೋಗುವುದು ಟೈಟಲ್ ನೈನ್‌ಗೆ ವಿರುದ್ಧವೆಂದು ಕೆಲವು ಮಹಿಳಾ ಕ್ರೀಡಾಪಟುಗಳು ಮೇಲ್ಮನವಿಯನ್ನೂ ಸಲ್ಲಿಸಿದರು.

ಅದೇ ರಾಜಿಯಲ್ಲಿ ಹೆಚ್ಚು ಸದ್ದು ಮಾಡದ ಇನ್ನೊಂದು ಷರತ್ತಿತ್ತು. ವಿದ್ಯಾರ್ಥಿವೇತನಗಳ ಸಂಖ್ಯೆಯ ಮಿತಿಯನ್ನು ತೆಗೆದು, ತಂಡದಲ್ಲಿ ಇರಬಹುದಾದವರ ಸಂಖ್ಯೆಗೇ ಮಿತಿ ಹಾಕಲಾಯಿತು. ಫುಟ್‌ಬಾಲ್‌ಗೆ ಅದು 105. ವೇತನವಿಲ್ಲದೆ, ಪಂದ್ಯದಲ್ಲಿ ಆಡುವ ಭರವಸೆಯೂ ಇಲ್ಲದೆ, ನಸುಕಿನ ಅಭ್ಯಾಸಕ್ಕೆ ತಾವಾಗಿ ಬರುವ ‘ವಾಕ್-ಆನ್’ ಎಂಬ ವಿದ್ಯಾರ್ಥಿಗಳನ್ನು, ರಾಜಿ ಅಂಗೀಕಾರವಾಗುವ ಮೊದಲೇ ಅನೇಕ ಕಾಲೇಜುಗಳು ತಂಡಗಳಿಂದ ಕೈಬಿಟ್ಟವು. ತಮ್ಮ ಸಮಯವನ್ನು ಆಟಕ್ಕೆ ಸ್ವಂತ ಇಚ್ಛೆಯಿಂದ ಕೊಟ್ಟವರು ಅವರು. ಅವರಲ್ಲಿ ಕೆಲವರು ನ್ಯಾಯಾಲಯಕ್ಕೆ ತಮ್ಮ ಅಳಲನ್ನು ತಿಳಿಸಿದ್ದರಿಂದ ನ್ಯಾಯಾಧೀಶೆ ಅಂಗೀಕಾರವನ್ನು ತಡೆಹಿಡಿದು, ಅವರಿಗೊಂದು ದಾರಿ ಮಾಡುವಂತೆ ಸೂಚಿಸಿದರು. ಹಾಗೆ ಕೈಬಿಟ್ಟವರನ್ನು ಮಿತಿಯ ಲೆಕ್ಕಕ್ಕೆ ಸೇರಿಸದೆ ಮರಳಿ ತೆಗೆದುಕೊಳ್ಳಬಹುದು ಎಂದು ತಿದ್ದುಪಡಿಯಾಯಿತು. ತೆಗೆದುಕೊಳ್ಳಲೇಬೇಕು ಎಂದೇನೂ ಆಗಲಿಲ್ಲ. ಆ ತೀರ್ಮಾನವನ್ನು ಆಯಾ ಕಾಲೇಜಿಗೇ ಬಿಡಲಾಯಿತು.